ನಾಟಕ ಬೇಕು, ನಮ್ಮ ಬೀದೀಲಿ ಮಾತ್ರ ಬೇಡ

ಶೇಕ್ಸ್‌ಪಿಯರ್ ಕಾಲದ ಲಂಡನ್ನಲ್ಲಿ ನಾಟಕಕ್ಕೆ ವಿರೋಧ ಇತ್ತು ಅಂದ ತಕ್ಷಣ ಎಲ್ರೂ ಪ್ಯೂರಿಟನ್ನರ ತಲೆಗೆ ಕಟ್ಟಿ ಕೈ ತೊಳ್ಕೊಂಡ್ಬಿಡ್ತಾರೆ. ನಗು ಅಂದ್ರೆ ಆಗದ ಮಡಿವಂತ ಕ್ರೈಸ್ತರು, ಮುಗೀತು ಕಥೆ. ನನ್ ಪ್ರಕಾರ ಇದು ಅರ್ಧ ಸತ್ಯ ಅಷ್ಟೇ. ಉಳಿದರ್ಧ ಗೊತ್ತಾಗ್ಬೇಕಂದ್ರೆ ಪಾದ್ರಿಗಳ ಭಾಷಣ ಬಿಟ್ಟು ಆಗಿನ ಅರ್ಜಿಗಳನ್ನ ನೋಡ್ಬೇಕು, ಯಾರ್ಯಾರು ಸಹಿ ಹಾಕಿದ್ರು, ಯಾಕೆ ಹಾಕಿದ್ರು ಅಂತ.

ಪಾದ್ರಿಗಳೇನೂ ಕಮ್ಮಿ ಇರ್ಲಿಲ್ಲ ಬಿಡಿ. 1577ರಲ್ಲಿ ಒಬ್ಬರ ತರ್ಕ ಹೀಗೆ: ಪ್ಲೇಗಿಗೆ ಕಾರಣ ಪಾಪ, ಪಾಪಕ್ಕೆ ಕಾರಣ ನಾಟಕ, ಹಾಗಾಗಿ ಪ್ಲೇಗಿಗೆ ಕಾರಣ ನಾಟಕ! 1583ರ ಜನವರೀಲಿ ಒಂದು ಭಾನುವಾರ ಲಂಡನ್ನಿನ ಪ್ಯಾರಿಸ್ ಗಾರ್ಡನ್ನಲ್ಲಿ ಅಟ್ಟಣಿಗೆ ಕುಸಿದು ಜನ ಸತ್ರು, ಅಲ್ಲಿ ನಡೀತಿದ್ದಿದ್ದು ಕರಡಿ ಮೇಲೆ ನಾಯಿ ಬಿಡೋ ಆಟ, ಬೈಗುಳ ಮಾತ್ರ ನಾಟಕದವರಿಗೂ ಬಿತ್ತು.

ಆದ್ರೆ 1596ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಏರಿಯಾದಲ್ಲಿ ನಡೆದ ಜಗಳ ನೋಡಿ. ಜೇಮ್ಸ್ ಬರ್ಬೇಜ್ ಅಂತ ಒಬ್ಬ, 1576ರಲ್ಲೇ ನಗರದ ಅಧಿಕಾರಿಗಳ ಕೈಗೆ ಸಿಗದ ಹಾಗೆ ಊರಾಚೆ ಷೋರ್‌ಡಿಚ್ಚಲ್ಲಿ ನಾಟಕಶಾಲೆ ಕಟ್ಟಿದ್ದವನು, ಈಗ 600 ಪೌಂಡ್ ಸುರಿದು ಈ ಶ್ರೀಮಂತರ ಏರಿಯಾದಲ್ಲೇ ನಾಟಕಶಾಲೆ ಮಾಡೋಕೆ ಕಟ್ಟಡ ತಗೊಂಡ. ಅಕ್ಕಪಕ್ಕದವರು ಅರ್ಜಿ ಹಾಕಿದ್ರು: ಪೋಲಿಗಳು ಸೇರ್ತಾರೆ, ಪ್ಲೇಗ್ ಬಂದ್ರೆ ಹರಡುತ್ತೆ, ಡೋಲು ಕಹಳೆ ಗಲಾಟೇಲಿ ಪಕ್ಕದ ಚರ್ಚಲ್ಲಿ ಪ್ರಾರ್ಥನೆ ನಡೆಯಲ್ಲ. ಸಹಿ ಹಾಕಿದವರಲ್ಲಿ ಲಾರ್ಡ್ ಹನ್ಸ್‌ಡನ್ ಇದ್ದ. ಯಾರಿವನು ಅಂದ್ರೆ ಅಲ್ಲಿ ಆಡಬೇಕಿದ್ದ, ಶೇಕ್ಸ್‌ಪಿಯರ್ ಇದ್ದ ನಾಟಕ ಕಂಪನಿಗೇ ಪೋಷಕ, ಕಂಪನಿ ಓಡ್ತಿದ್ದಿದ್ದೇ ಅವನ ಹೆಸರಲ್ಲಿ! ಶೇಕ್ಸ್‌ಪಿಯರ್‌ನ ಊರಿನವನೇ ಆಗಿ ಅವನ ಮೊದಲ ಕಾವ್ಯ ಅಚ್ಚು ಮಾಡಿದ್ದ ರಿಚರ್ಡ್ ಫೀಲ್ಡ್‌ದೂ ಸಹಿ. ಇವರಿಗೇನು ನಾಟಕ ಪಾಪ ಅನ್ನೋ ನಂಬಿಕೆ ಇತ್ತಾ? ಮದುವೆ ಊಟ ಎಲ್ರಿಗೂ ಇಷ್ಟ, ಮನೆ ಪಕ್ಕ ಕಲ್ಯಾಣ ಮಂಟಪ ಮಾತ್ರ ಬೇಡ, ಅಷ್ಟೇ. ಮುಂದೆ ಅಲ್ಲಿ ನಾಟಕ ಶುರುವಾದ್ಮೇಲೆ 1619ರಲ್ಲಿ ಅದೇ ಏರಿಯಾದವರು ಮತ್ತೆ ದೂರು ಕೊಟ್ಟಾಗಂತೂ ಪಾಪ ಪುಣ್ಯಕ್ಕಿಂತ ಟ್ರಾಫಿಕ್ ಗೋಳೇ ಜಾಸ್ತಿ, ಸಾರೋಟುಗಳು ಬೀದಿ ತುಂಬ ನಿಂತು ಅಂಗಡಿ ಸಾಮಾನು ಉರುಳಿಸ್ತವೆ, ಮನೆಗೆ ಬಿಯರ್ರು ಸೌದೆ ಹುಲ್ಲು ತರಿಸೋಕಾಗಲ್ಲ ಅಂತ.

ಪರ ನಿಂತವರದ್ದೂ ಹಾಗೇನೇ, ಕಲೆ ಗಿಲೆ ಮಾತಿಲ್ಲ. ರೋಸ್ ನಾಟಕಶಾಲೆ ಮುಚ್ಚಿದ್ದಾಗ ತೆಗೀರಿ ಸ್ವಾಮಿ ಅಂತ ಬೇಡ್ಕೊಂಡವರು ಥೇಮ್ಸ್ ನದಿ ಅಂಬಿಗರು, ನೋಡೋ ಜನನ ಆಚೆ ದಡಕ್ಕೆ ದಾಟಿಸೋದೇ ಅವರ ಹೊಟ್ಟೆಪಾಡು. 1600ರಲ್ಲಿ ಫಾರ್ಚೂನ್ ನಾಟಕಶಾಲೆ ಕಟ್ಟೋವಾಗ ಫಿನ್ಸ್‌ಬರಿ ಜನ ನಮ್ದೇನೂ ಅಭ್ಯಂತರ ಇಲ್ಲ ಅಂತ ಬರೆದುಕೊಟ್ರು, ಯಾಕಂದ್ರೆ ಮಾಲೀಕರು ಅಲ್ಲಿನ ಬಡವರಿಗೆ ವಾರವಾರ ದುಡ್ಡು ಕೊಡ್ತೀವಿ ಅಂದಿದ್ರು. ನನಗಂತೂ ವಿದ್ವಾಂಸರು ನಾಟಕದ ಹಿರಿಮೆ ಬಗ್ಗೆ ಬರೆದಿದ್ದಕ್ಕಿಂತ ಈ ಅಂಬಿಗರ ಅರ್ಜಿನೇ ಪ್ರಾಮಾಣಿಕ ಅನ್ಸುತ್ತೆ.

1642ರ ಸೆಪ್ಟೆಂಬರಲ್ಲಿ ಪಾರ್ಲಿಮೆಂಟು ನಾಟಕ ನಿಲ್ಲಿಸ್ತಲ್ಲ, ಆಗ ಮುಂದಿಟ್ಟ ದೊಡ್ಡ ಕಾರಣ ಕೂಡ ದೇಶಕ್ಕೆ ಬಂದಿರೋ ಸಂಕಟ, ಅಂದ್ರೆ ಅಂತರ್ಯುದ್ಧ. ನಿಜವಾಗ್ಲೂ ಕ್ರೂರವಾದ ಆದೇಶ ಬಂದಿದ್ದು 1648ರಲ್ಲಿ, ನಾಟಕಶಾಲೆ ಕೆಡವಿ, ನಟರಿಗೆ ಚಾಟಿ ಏಟು, ನೋಡೋಕೆ ಬಂದವರಿಗೆ ತಲೆಗೆ 5 ಶಿಲ್ಲಿಂಗ್ ದಂಡ. ಒಂದು ಕಾಲದಲ್ಲಿ 1 ಪೆನ್ನಿ ಕೊಟ್ಟು ನಿಂತು ನೋಡ್ತಿದ್ದ ಆಟಕ್ಕೆ 60 ಪೆನ್ನಿ ದಂಡ! ನಿಂತೇ ಹೋಗಿದ್ದ ನಾಟಕಕ್ಕೆ ಯಾರಾದ್ರೂ ಇಷ್ಟೊಂದು ದಂಡ ಇಡ್ತಾರಾ? ಮುಚ್ಚಿ ಐದಾರು ವರ್ಷ ಆದ್ರೂ ಜನ ಕದ್ದುಮುಚ್ಚಿ ಹೋಗ್ತಾನೇ ಇದ್ರು.