ಸ್ಪಷ್ಟನೆ: ಬಿರುಕಿಲ್ಲ ಎಂದರೆ ಎಂಜಿನ್ ಬೆಲ್ಟ್ ಚೆನ್ನಾಗಿದೆ ಎಂದಲ್ಲ
“ಬಿರುಕು ಕಾಣುವವರೆಗೆ, ಕೀರಲು ಶಬ್ದ ಬರುವವರೆಗೆ ಕಾರಿನ ಬೆಲ್ಟ್ ಬದಲಾಯಿಸಬೇಡಿ, ದುಡ್ಡು ದಂಡ” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಹಳೆಯ ನಿಯೋಪ್ರೀನ್ ರಬ್ಬರಿನ ಬೆಲ್ಟ್‌ಗಳು ಬಿರುಕು ಬಿಡುತ್ತಿದ್ದವು, ನಿಜ. ಈಗಿನ ಇಪಿಡಿಎಂ ರಬ್ಬರಿನವು ಹೆಚ್ಚಾಗಿ ಬಿರುಕಿಲ್ಲದೆಯೇ ಟೈರಿನಂತೆ ಸವೆಯುತ್ತವೆ.

ಎಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ವಿಷಯ ಇನ್ನೂ ಗಂಭೀರ. ಅದು ಕವರ್ ಒಳಗಿರುತ್ತದೆ, ಎಷ್ಟೋ ಸಲ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಆಗ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಆ ರಿಪೇರಿಯ ಮುಂದೆ ಬೆಲ್ಟ್ ಖರ್ಚು ಏನೂ ಅಲ್ಲ. ಕಾರಿನ ಮ್ಯಾನ್ಯುಯಲ್‌ನಲ್ಲಿರುವ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಅದೇ ಲೆಕ್ಕ. ಮನೆಯಲ್ಲೇ ನಿಂತ ಕಾರಿಗೂ ವರ್ಷದ ಲೆಕ್ಕ ಉಂಟು. ಮಾರುತಿಯ ಕೆ ಸರಣಿಯಂತೆ ಈ ಬೆಲ್ಟ್ ಬದಲು ಟೈಮಿಂಗ್ ಚೈನ್ ಇರುವ ಎಂಜಿನ್‌ಗೆ ಮಾತ್ರ ಟೈಮಿಂಗ್ ಬೆಲ್ಟ್‌ನ ಈ ಲೆಕ್ಕ ಅನ್ವಯಿಸದು.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.