ಕ್ಲೌಡಿನ ಬಣ್ಣ ಯಾವುದು?

ಭಾರತೀಯ ಸಾಕ್ಷ್ಯ ಅಧಿನಿಯಮದ ಕಟ್ಟಕಡೆಯಲ್ಲಿ ಒಂದು ಅನುಸೂಚಿ ಇದೆ. ಇಡೀ ಕಾಯ್ದೆಗೆ ಇರುವುದು ಅದೊಂದೇ. ಅದರೊಳಗೆ ಒಂದು ಸರ್ಟಿಫಿಕೇಟಿನ ನಮೂನೆ. ದಾಖಲೆ ಬಂದದ್ದು ಯಾವುದರಿಂದ ಎಂದು ಟಿಕ್ ಹಾಕಬೇಕು: ಕಂಪ್ಯೂಟರ್, ಡಿವಿಆರ್ (ಸಿಸಿಟಿವಿ ದೃಶ್ಯ ಹಿಡಿದಿಡುವ ಪೆಟ್ಟಿಗೆ), ಮೊಬೈಲ್, ಫ್ಲ್ಯಾಶ್ ಡ್ರೈವ್, ಸಿಡಿ ಅಥವಾ ಡಿವಿಡಿ, ಸರ್ವರ್, ಕ್ಲೌಡ್, ಇತರೆ. ಅದರ ಕೆಳಗೆ ಕಂಪನಿ ಮತ್ತು ಮಾಡೆಲ್. ಅದಾದ ಮೇಲೆ ಬಣ್ಣ. ಕ್ಲೌಡ್ ಎಂದು ಟಿಕ್ ಹಾಕಿದವರು ಬಣ್ಣದ ಮುಂದೆ ಏನು ಬರೆಯಬೇಕು ಎಂಬುದನ್ನು ಸಂಸತ್ತು ನಮ್ಮ ವಿವೇಚನೆಗೇ ಬಿಟ್ಟಿದೆ. ಬೇಸಿಗೆಯಲ್ಲಿ ಬಿಳಿ, ಆಷಾಢದಲ್ಲಿ ಕಪ್ಪು ಎಂದು ಬರೆಯಬಹುದು. ಆದರೆ ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಯಾವ ಋತು ಇರುತ್ತದೋ ಹೇಳಲಾಗದು. ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಅಲ್ಲೇ ಹಿಡಿದುಬಿಡುತ್ತಾರೆ.

ಕಾಯ್ದೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದರ 63ನೇ ಕಲಮಿನ ಪ್ರಕಾರ ವಾಟ್ಸಾಪ್ ಮೆಸೇಜು, ಇಮೇಲು, ಸಿಸಿಟಿವಿ ದೃಶ್ಯ, ಕಾಲ್ ರೆಕಾರ್ಡಿಂಗು ಇವುಗಳ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಈ ಸರ್ಟಿಫಿಕೇಟನ್ನು ಲಗತ್ತಿಸಬೇಕು. ಬ್ರಿಟಿಷರ ಕಾಲದ ಹಳೆಯ ಸಾಕ್ಷ್ಯ ಕಾಯ್ದೆಯ ಕಲಮಿನ ಹೆಸರಲ್ಲಿ, ವಕೀಲರ ಬಾಯಲ್ಲಿ ಇಪ್ಪತ್ತು ವರ್ಷ '65ಬಿ' ಎಂದು ಓಡಾಡಿದ್ದು ಇದೇ. ಹಳೆಯದಕ್ಕೆ ಒಂದು ಸಹಿ ಸಾಕಿತ್ತು. ಹೊಸದಕ್ಕೆ ಎರಡು ಸಹಿ, ಎರಡು ಭಾಗ, ಒಂದು ಹ್ಯಾಶ್ (ಫೈಲಿನ ಬೆರಳಚ್ಚು ಅನ್ನಿ, ವಿವರ ಮುಂದಿದೆ). ವಸಾಹತುಶಾಹಿ ಕಾನೂನಿನಿಂದ ಬಿಡುಗಡೆ ಸಿಕ್ಕಿದ್ದು ಹೀಗೆ.

ನಿಮ್ಮ ಭಾವಮೈದುನ 2 ಲಕ್ಷ ರೂಪಾಯಿ ಕೈಸಾಲ ತೆಗೆದುಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. 'ಯುಗಾದಿ ಕಳೀಲಿ ಭಾವ, ಪೂರ್ತಿ ಕೊಡ್ತೀನಿ' ಎಂದು ವಾಟ್ಸಾಪಿನಲ್ಲಿ ಬರೆದಿದ್ದಾನೆ. ಮೂರು ಯುಗಾದಿ ಕಳೆಯುವುದರೊಳಗೆ ನೀವು ದಾವೆ ಹೂಡಬೇಕು, ಇಲ್ಲದಿದ್ದರೆ ಕಾಲಮಿತಿ ಕಾಯ್ದೆ ಅವನ ಪಕ್ಷ ಸೇರುತ್ತದೆ. ಸರಿ, ಮೆಸೇಜನ್ನು ಕೋರ್ಟಿಗೆ ಒಯ್ಯೋಣ.

ಮೊದಲು ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, 'ಎಕ್ಸ್‌ಪೋರ್ಟ್ ಚಾಟ್' ಕೊಡಬೇಕು. ಫೋಟೋ ಬೇಡವೆಂದರೆ ಬರುವುದು ಒಂದು ಸಾದಾ ಟೆಕ್ಸ್ಟ್ ಫೈಲು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು '2 ಲಕ್ಷ'ದ ಪಕ್ಕ ಒಂದು ಸೊನ್ನೆ ಕುಟ್ಟಿ ಸೇವ್ ಮಾಡಲು ಎಸ್ಸೆಸ್ಸೆಲ್ಸಿ ಕೂಡ ಬೇಡ. ಇದು ಕಾನೂನಿಗೂ ಗೊತ್ತು. ಅದಕ್ಕೇ ಹ್ಯಾಶ್ ಕೇಳುತ್ತದೆ.

ಹ್ಯಾಶ್ ಅಂದರೆ ಫೈಲಿನಲ್ಲಿರುವ ಅಷ್ಟೂ ಬೈಟುಗಳನ್ನು ಅರೆದು ತೆಗೆದ ಒಂದು ಸಂಖ್ಯೆ. ಎಸ್‌ಎಚ್‌ಎ256 ಲೆಕ್ಕದಲ್ಲಿ ತೆಗೆದರೆ 64 ಅಕ್ಷರ, ಎಂಡಿ5 ಆದರೆ 32. ಫೈಲಿನ ಹೆಸರು ಬದಲಿಸಿದರೆ ಹ್ಯಾಶ್ ಬದಲಾಗುವುದಿಲ್ಲ. ಒಳಗೆ ಒಂದು ಪೂರ್ಣವಿರಾಮ ಅಳಿಸಿದರೆ ಗುರುತೇ ಸಿಗದಷ್ಟು ಬದಲಾಗುತ್ತದೆ. ಒಳ್ಳೆಯ ಸಾಧನ, ಅನುಮಾನವಿಲ್ಲ. ಆದರೆ ಅದು ಹೇಳುವುದು ಒಂದೇ ಮಾತು: ಹ್ಯಾಶ್ ತೆಗೆದ ಮೇಲೆ ಈ ಫೈಲನ್ನು ಯಾರೂ ಮುಟ್ಟಿಲ್ಲ. ಅದಕ್ಕೂ ಐದು ನಿಮಿಷ ಮೊದಲು ನೀವು ಸೊನ್ನೆ ಕುಟ್ಟಿದ್ದರೆ, 20 ಲಕ್ಷದ ಸುಳ್ಳಿಗೂ ಅಷ್ಟೇ ಅಚ್ಚುಕಟ್ಟಾದ 64 ಅಕ್ಷರ ಸಿಗುತ್ತದೆ. ಮೋಸಗಾರನೂ ಪ್ರಾಮಾಣಿಕನೂ ಒಂದೇ ಕೌಂಟರಿನಲ್ಲಿ ಒಂದೇ ಮುದ್ರೆ ಹೊಡೆಸಿಕೊಂಡು ಹೊರಬರುತ್ತಾರೆ.

ಯಾವ ಲೆಕ್ಕದಲ್ಲಿ ತೆಗೆದಿರಿ ಎಂದೂ ನಮೂನೆ ಕೇಳುತ್ತದೆ. ಮೊದಲ ಚೌಕ ಎಸ್‌ಎಚ್‌ಎ1, ಆಮೇಲೆ ಎಸ್‌ಎಚ್‌ಎ256, ಆಮೇಲೆ ಎಂಡಿ5. ಎರಡು ಬೇರೆ ಫೈಲುಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದು ಎಂದು ಚೀನಾದ ಗಣಿತಜ್ಞರು 2004ರಲ್ಲೇ ತೋರಿಸಿದ್ದರು. ಎಸ್‌ಎಚ್‌ಎ1ಗೂ ಅದೇ ಗತಿ ಎಂದು ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2017ರಲ್ಲಿ ಎರಡು ಪಿಡಿಎಫ್ ಮಾಡಿ ಮುಂದಿಟ್ಟರು. ನಮ್ಮ ಕಾಯ್ದೆ ಪಾಸಾದದ್ದು 2023ರ ಡಿಸೆಂಬರಿನಲ್ಲಿ. ಮೂರರಲ್ಲಿ ಎರಡು ಬೀಗ ಮುರಿದಿವೆ ಎಂದು ಗೊತ್ತಿದ್ದೂ ಮೂರನ್ನೂ ಅಂಗಡಿಯಲ್ಲಿ ಸಾಲಾಗಿ ಜೋಡಿಸಿದ್ದಾರೆ. ಮುರಿದದ್ದನ್ನೇ ಮೊದಲು ಇಟ್ಟಿದ್ದಾರೆ. (ನ್ಯಾಯಕ್ಕೆ ಹೇಳಬೇಕೆಂದರೆ, ಈಗಾಗಲೇ ಕೋರ್ಟಿನಲ್ಲಿರುವ ಫೈಲಿಗೆ ಅದೇ ಹ್ಯಾಶಿನ ನಕಲಿ ತಯಾರಿಸುವುದು ಇವತ್ತಿಗೂ ಯಾರ ಕೈಲೂ ಆಗುವ ಕೆಲಸವಲ್ಲ. ಆದರೂ ಎಂಡಿ5 ಎಂದು ಟಿಕ್ ಹಾಕಿ ಎದುರು ವಕೀಲರಿಗೆ ಹಬ್ಬದೂಟ ಬಡಿಸುವುದೇಕೆ?)

ಹ್ಯಾಶ್ ತೆಗೆಯಲು ವಿಂಡೋಸಿನಲ್ಲಿ ಒಂದು ಸಾಲಿನ ಕಮಾಂಡ್ ಸಾಕು. ಕಷ್ಟ ಶುರುವಾಗುವುದು ಅದನ್ನು ಸರ್ಟಿಫಿಕೇಟಿಗೆ ಇಳಿಸುವಾಗ. ನಮ್ಮ ತಾಲ್ಲೂಕು ಕೋರ್ಟುಗಳ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟಿನ ರಾಜ್ಯಭಾರ. ಅದರಲ್ಲಿ ಹ್ಯಾಶನ್ನು ಪೇಸ್ಟ್ ಮಾಡಿದರೆ ಎ, ಬಿ, ಸಿ ಎಲ್ಲ ಕನ್ನಡದ ಒತ್ತು, ಗುಣಿತ, ಅರ್ಧಾಕ್ಷರಗಳಾಗಿ ಕಾಣುತ್ತವೆ. ನೋಡಿದವರಿಗೆ ಹಳೆಗನ್ನಡದ ಶಾಸನ ಅನಿಸಬೇಕು. ಹೀಗಾಗಿ ಟೈಪಿಸ್ಟು ಅದನ್ನು ಫೋನ್ ನೋಡಿ ಕೈಯಲ್ಲೇ ಹೊಡೆಯುತ್ತಾನೆ. 64 ಅಕ್ಷರದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ 'ಓ' ಬಿದ್ದರೆ ಮುಗಿಯಿತು. ಹ್ಯಾಶಿನಲ್ಲಿ ಎಫ್ ಆಚೆಗಿನ ಅಕ್ಷರವೇ ಇರುವುದಿಲ್ಲ ಎಂಬುದು ಎದುರು ವಕೀಲರಿಗೆ ಗೊತ್ತಿದ್ದರೆ, ನಿಮ್ಮ 2 ಲಕ್ಷ ಒಂದು 'ಓ'ಗೆ ಸಿಕ್ಕಿಹಾಕಿಕೊಂಡ ಹಾಗೆ. ಮುದ್ರಿತ ಹ್ಯಾಶ್ ವರದಿಯನ್ನೇ ಲಗತ್ತಿಸಬೇಕೆಂದು ನಮೂನೆ ಹೇಳುತ್ತದೆ. ಲಗತ್ತಿಸಿ, ಮತ್ತು ಸರ್ಟಿಫಿಕೇಟಿನದೂ ವರದಿಯದೂ ತಾಳೆಯಾಗುತ್ತದೆಯೇ ಎಂದು ಬೆರಳಿಟ್ಟು ಓದಿ.

ಇಲ್ಲಿಗೆ ಭಾಗ 'ಎ' ಮುಗಿಯಿತು, ಅದು ನಿಮ್ಮದು. ದಿನಾಂಕ, ಸ್ಥಳದ ಜೊತೆಗೆ ಸಹಿ ಹಾಕಿದ ಸಮಯವನ್ನೂ 24 ಗಂಟೆಯ ಲೆಕ್ಕದಲ್ಲಿ, ಭಾರತೀಯ ಕಾಲಮಾನದಲ್ಲಿ ಬರೆದಿರಿ ತಾನೆ? ಸರಿ. ಭಾಗ 'ಬಿ' ತಜ್ಞರದ್ದು.

ತಜ್ಞ ಯಾರು? 63ನೇ ಕಲಮು ಹೇಳುವುದಿಲ್ಲ. 39ನೇ ಕಲಮು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ಎ ಕಡೆ ಕೈ ತೋರಿಸುತ್ತದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ 'ವಿದ್ಯುನ್ಮಾನ ಸಾಕ್ಷ್ಯ ಪರೀಕ್ಷಕರು' ಅಲ್ಲಿದ್ದಾರೆ. ಅವು ಬಹುಪಾಲು ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯಗಳು. ಕೊಲೆ, ಭಯೋತ್ಪಾದನೆ, ಮಾದಕವಸ್ತು ಕೇಸುಗಳ ಫೋನುಗಳೇ ಅಲ್ಲಿ ಗೋಣಿಚೀಲದಲ್ಲಿ ಸರದಿ ಕಾಯುತ್ತಿವೆ. ಭಾವಮೈದುನನ ಯುಗಾದಿ ಮೆಸೇಜು ಹಿಡಿದು ಅಲ್ಲಿಗೆ ಹೋದರೆ ಸೆಕ್ಯುರಿಟಿಯವರೇ ಸಮಾಧಾನ ಹೇಳಿ ಕಳಿಸಬಹುದು. ಹಾಗಾದರೆ ಖಾಸಗಿ ತಜ್ಞ ನಡೆಯುತ್ತಾನೆಯೇ? ಕಂಪ್ಯೂಟರ್ ಸೈನ್ಸ್ ಮೇಷ್ಟ್ರು ಆಗಬಹುದೇ? ಎದುರಿನವರು ತಕರಾರು ತೆಗೆಯುವವರೆಗೆ ಎಲ್ಲರೂ ಆಗಬಹುದು. ನಮೂನೆಯಲ್ಲಿ ತಜ್ಞನ ಹೆಸರಿನ ಪಕ್ಕ 'ಹುದ್ದೆ' ಎಂದು ಕೇಳಿರುವುದನ್ನು ನೋಡಿದರೆ, ಬರೆದವರ ಕಣ್ಣ ಮುಂದೆ ಇದ್ದದ್ದು ಕುರ್ಚಿಗೆ ಟವೆಲ್ ಹೊದಿಸಿಕೊಂಡ ಒಬ್ಬ ಅಧಿಕಾರಿಯೇ.

ಇದೆಲ್ಲ ಹೇಗೋ ಆಯಿತು ಎನ್ನಿ. ಆ ತಜ್ಞ ಏನನ್ನು ದೃಢೀಕರಿಸುತ್ತಾನೆ? ಸಾಧನ ಯಾವುದು, ಕಂಪನಿ ಯಾವುದು, ಬಣ್ಣ ಯಾವುದು, ಸೀರಿಯಲ್ ನಂಬರ್ ಎಷ್ಟು, ಹ್ಯಾಶ್ ಎಷ್ಟು. ನೀವು ಭಾಗ 'ಎ'ಯಲ್ಲಿ ಬರೆದದ್ದನ್ನೇ ಅವನು ಭಾಗ 'ಬಿ'ಯಲ್ಲಿ ಬರೆಯುತ್ತಾನೆ. ಈ ದಾಖಲೆ ತಿದ್ದಿದ್ದೋ, ಅಸಲಿಯೋ, ಮೆಸೇಜು ನಿಜಕ್ಕೂ ಆ ನಂಬರಿನಿಂದ ಬಂದದ್ದೋ ಎಂಬ ಪ್ರಶ್ನೆಯೇ ಆ ನಮೂನೆಯಲ್ಲಿಲ್ಲ. ತಜ್ಞನನ್ನು ಹುಡುಕಿ, ಫೀಸು ಕೊಟ್ಟು, ಕಾದು ಕೂತು, ಕೊನೆಗೆ ಅವನಿಂದ ಬರೆಸಿಕೊಳ್ಳುವುದು ನಿಮ್ಮ ಫೋನು ನೀಲಿ ಬಣ್ಣದ್ದು ಎಂದು.

ಈ ವಿದ್ಯೆ ನಮಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿನ 1968ರ ಸಿವಿಲ್ ಎವಿಡೆನ್ಸ್ ಕಾಯ್ದೆಯ 5ನೇ ಕಲಮು ಇದರ ತಾಯಿಬೇರು. ಆಗ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. ಗುಮಾಸ್ತರು ದಿನವೂ ಅದಕ್ಕೆ ಲೆಕ್ಕ ಊಡಿಸಬೇಕಿತ್ತು. 'ದೈನಂದಿನ ಚಟುವಟಿಕೆಯ ಭಾಗವಾಗಿ ಮಾಹಿತಿಯನ್ನು ಕ್ರಮವಾಗಿ ಕಂಪ್ಯೂಟರಿಗೆ ಉಣಿಸಲಾಗುತ್ತಿತ್ತು' ಎಂಬ ಸಾಲಿಗೆ ಅಲ್ಲಿ ಅರ್ಥವಿತ್ತು. ಇವತ್ತೂ ಅದೇ ಸಾಲಿಗೆ ನೀವು ಸಹಿ ಹಾಕುತ್ತೀರಿ. ರಸ್ತೆಯಲ್ಲಿ ನಡೆದ ಕೊಲೆಯನ್ನು ಆಕಸ್ಮಿಕವಾಗಿ ಫೋನಿನಲ್ಲಿ ಹಿಡಿದ ದಾರಿಹೋಕನೂ, ಇಂಥ ಮಾಹಿತಿಯನ್ನು ತಾನು ಕ್ರಮವಾಗಿ, ದೈನಂದಿನ ಚಟುವಟಿಕೆಯಾಗಿ ಫೋನಿಗೆ ಉಣಿಸುತ್ತಿದ್ದೆನೆಂದು ಪ್ರಮಾಣ ಮಾಡಬೇಕು.

ಇಂಗ್ಲೆಂಡಿನವರು ಸಿವಿಲ್ ಕೇಸುಗಳ ಆ ಕಲಮನ್ನು 1995ರ ಕಾಯ್ದೆಯಿಂದ ಕಿತ್ತು ಹಾಕಿದರು. ಕ್ರಿಮಿನಲ್ ಕೇಸುಗಳಿಗಿದ್ದ ಅಂಥದ್ದೇ ಕಲಮು 2000ದ ಏಪ್ರಿಲ್‌ನಲ್ಲಿ ಹೋಯಿತು. ಅದೇ ವರ್ಷದ ಅಕ್ಟೋಬರ್ 17ರಂದು ನಾವು ಅದನ್ನು 65ಬಿ ಎಂದು ಹೆಸರಿಟ್ಟು ಮಂಗಳವಾದ್ಯದೊಂದಿಗೆ ಮನೆ ತುಂಬಿಸಿಕೊಂಡೆವು. ಕಿತ್ತು ಹಾಕಿದ ಇಂಗ್ಲೆಂಡು ಸುಖವಾಗಿದೆಯೇ ಎಂದರೆ ಅದೂ ಇಲ್ಲ. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತದೆಂದು ಅಲ್ಲಿನ ಕೋರ್ಟುಗಳು ನಂಬಿದವು. ಹೊರೈಜನ್ ಎಂಬ ಸಾಫ್ಟ್‌ವೇರಿನ ತಪ್ಪು ಲೆಕ್ಕವನ್ನು ಹಿಡಿದು 900ಕ್ಕೂ ಹೆಚ್ಚು ಅಂಚೆ ಕಚೇರಿ ನಡೆಸುವವರನ್ನು ಕಳ್ಳರೆಂದು ತೀರ್ಮಾನಿಸಿದವು. ಅದನ್ನು ಸರಿಪಡಿಸಲು 2024ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಬೇಕಾಯಿತು. ಅಂದರೆ ಯಂತ್ರವನ್ನು ಪರೀಕ್ಷೆ ಮಾಡಲೇಬೇಕು, ಅದರಲ್ಲಿ ಜಗಳವಿಲ್ಲ. ನಮ್ಮಲ್ಲಿ ಪರೀಕ್ಷೆ ನಡೆಯುವುದು ಸರ್ಟಿಫಿಕೇಟಿಗೆ.

ಸುಪ್ರೀಂ ಕೋರ್ಟಿಗೂ ಇದು ಸುಲಭದಲ್ಲಿ ಬಗೆಹರಿಯಲಿಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೂ ನಡೆಯುತ್ತದೆ ಎಂದು 2005ರಲ್ಲಿ ಸಂಸತ್ ದಾಳಿ ಪ್ರಕರಣದಲ್ಲಿ ಹೇಳಿತು. ಬೇಕೇ ಬೇಕು ಎಂದು 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಹೇಳಿತು. ಪರಿಸ್ಥಿತಿ ನೋಡಿಕೊಂಡು ಸಡಿಲಿಸಬಹುದು ಎಂದು 2018ರಲ್ಲಿ ಇನ್ನೊಂದು ಪೀಠ. ಇಲ್ಲ, ಬೇಕೇ ಬೇಕು ಎಂದು 2020ರ ಜುಲೈ 14ರಂದು ಮೂವರು ನ್ಯಾಯಮೂರ್ತಿಗಳು. ನಡುವೆ 2019ರಲ್ಲಿ ಕರ್ನಾಟಕದ ಲಂಚದ ಕೇಸೊಂದು ಹೋಗಿತ್ತು. ಗುಪ್ತ ಕ್ಯಾಮೆರಾದ ದೃಶ್ಯಕ್ಕೆ ಆರೋಪಪಟ್ಟಿಯ ಹಂತದಲ್ಲೇ ಸರ್ಟಿಫಿಕೇಟ್ ಇರಲಿಲ್ಲವೆಂದು ನಮ್ಮ ಹೈಕೋರ್ಟು ಆರೋಪಿಯನ್ನು ಬಿಟ್ಟಿತ್ತು. ವಿಚಾರಣೆ ವೇಳೆ ಕೊಟ್ಟರೂ ಆದೀತು ಎಂದು ಸುಪ್ರೀಂ ಕೋರ್ಟು ಕೇಸನ್ನು ವಾಪಸು ಕಳಿಸಿತು.

2020ರ ತೀರ್ಪಿನ ಹಿಂದಿನ ಕಥೆ ಕೇಳಬೇಕು. ಮಹಾರಾಷ್ಟ್ರದ ಜಾಲ್ನಾ, 2014ರ ವಿಧಾನಸಭಾ ಚುನಾವಣೆ. ಗೆದ್ದವರು ನಾಮಪತ್ರ ಸಲ್ಲಿಸಿದ್ದು ಮಧ್ಯಾಹ್ನ 3ರ ಗಡುವಿನ ನಂತರ ಎಂದು ಸೋತವರ ದೂರು. ಚುನಾವಣಾಧಿಕಾರಿಯ ಕಚೇರಿಯಲ್ಲೇ ಕ್ಯಾಮೆರಾ ಇತ್ತು, ದೃಶ್ಯವೂ ಇತ್ತು, ಸಿಡಿಯೂ ಬಂತು. ಸರ್ಟಿಫಿಕೇಟ್ ಕೊಡಿ ಎಂದು ಸೋತವರು ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು, ಯಾರೂ ಕೊಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಚುನಾವಣಾ ಕಚೇರಿಗೂ ಅನ್ವಯಿಸುತ್ತದೆ. ಕೊನೆಗೆ ಅಧಿಕಾರಿಯ ಬಾಯಿಮಾತಿನ ಸಾಕ್ಷ್ಯವನ್ನು ಹಿಡಿದು ಹೈಕೋರ್ಟು ಆಯ್ಕೆಯನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಆ ವಿಧಾನಸಭೆಯ ಅವಧಿ ಮುಗಿದು, 2019ರಲ್ಲಿ ಇನ್ನೊಂದು ಚುನಾವಣೆಯೂ ಆಗಿಹೋಗಿತ್ತು. ಇಂಗ್ಲೆಂಡು ಇದನ್ನು ಕೈಬಿಟ್ಟಿದೆ, ನಮ್ಮ ಸಂಸತ್ತೂ ಮರುಚಿಂತನೆ ಮಾಡಬೇಕು ಎಂಬ ಮಾತು ಆ ತೀರ್ಪಿನಲ್ಲಿದೆ. ಸಂಸತ್ತು ಮರುಚಿಂತನೆ ಮಾಡಿ ಎರಡನೇ ಸಹಿ ಸೇರಿಸಿತು.

ಸಿಸಿಟಿವಿ ಮಾತು ಬಂತಲ್ಲ, ಅಂಗಡಿಯವರು ಇದೊಂದನ್ನು ತಿಳಿದಿರಬೇಕು. ಡಿವಿಆರ್ ಹಾರ್ಡ್‌ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಎಷ್ಟೋ ಕಡೆ ಎರಡು ಮೂರು ವಾರಕ್ಕೇ ಸುತ್ತು ಮುಗಿಯುತ್ತದೆ. ತಜ್ಞ ಸಿಗುವಷ್ಟರಲ್ಲಿ ಕಳ್ಳನ ಮೇಲೆ ಹಾಲಿನವನು, ಹಾಲಿನವನ ಮೇಲೆ ಬೀದಿನಾಯಿ ಬಂದು ಕೂತಿರುತ್ತದೆ. ಒಳಗಿನ ಬಟನ್ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ 2000ದ ಜನವರಿ 1ಕ್ಕೆ ಹಾರುವುದೂ ಉಂಟು. ಆದ್ದರಿಂದ ಕಾಪಿ ಮಾಡುವ ಮೊದಲು ಡಿವಿಆರ್ ತೋರಿಸುವ ಸಮಯ ಮತ್ತು ನಿಜವಾದ ಸಮಯದ ಅಂತರವನ್ನು ಮಹಜರಿನಲ್ಲಿ ಬರೆಸಬೇಕು. ಕಂಪನಿಯ ಸ್ವಂತ ಫಾರ್ಮ್ಯಾಟಿನ ಫೈಲನ್ನು ಎಂಪಿ4 ಮಾಡಿದರೆ ಹ್ಯಾಶ್ ಬೇರೆ. ಅದನ್ನೇ ವಾಟ್ಸಾಪಿನಲ್ಲಿ ವಿಡಿಯೋ ಆಗಿ ಠಾಣೆಗೆ ಕಳಿಸಿದರೆ ದಾರಿಯಲ್ಲಿ ಹಿಂಡಿ ಸಣ್ಣದಾಗಿ, ಹ್ಯಾಶ್ ಮತ್ತೂ ಬೇರೆ. ಒಬ್ಬ ಕಳ್ಳ, ಮೂರು ಹ್ಯಾಶ್. ಕೋರ್ಟಿನಲ್ಲಿ ಮೂವರೂ ಪರಸ್ಪರ ಅಪರಿಚಿತರು.

ಈ ರಗಳೆಯೇ ಬೇಡವೆಂದರೆ ಕಾನೂನಿನಲ್ಲಿ ಇನ್ನೊಂದು ದಾರಿಯಿದೆ. ಪ್ರತಿಗೆ ತಾನೆ ಸರ್ಟಿಫಿಕೇಟ್ ಬೇಕು? ಮೂಲ ಸಾಧನವನ್ನೇ ತಂದು, ಅದರ ಮಾಲೀಕ ಸಾಕ್ಷಿ ಕಟ್ಟೆ ಹತ್ತಿ ಇದು ನನ್ನದು ಎಂದರೆ ಸರ್ಟಿಫಿಕೇಟ್ ಬೇಡ ಎಂದು 2020ರ ತೀರ್ಪೇ ಹೇಳಿದೆ. ಅಂದರೆ ಭಾವಮೈದುನನ ಮೆಸೇಜಿಗಾಗಿ ನಿಮ್ಮ ಫೋನನ್ನು ಕೋರ್ಟಿಗೆ ಒಪ್ಪಿಸಬೇಕು. ಅದರ ಹಿಂದೆ ನಿಮ್ಮ ಬ್ಯಾಂಕಿನ ಒಟಿಪಿ, ಗ್ಯಾಸ್ ಬುಕಿಂಗ್, ಮಗಳ ಶಾಲೆಯ ಗ್ರೂಪು ಎಲ್ಲವೂ ಮುದ್ದೆಮಾಲಾಗುತ್ತವೆ. ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಕೇಸಿನ ನಂಬರ್ ಬರೆದ ಚೀಟಿ ಅಂಟಿಸಿ, ಕುಡುಗೋಲು ಮತ್ತು ರಕ್ತದ ಅಂಗಿಗಳ ಪಕ್ಕದಲ್ಲಿಡುತ್ತಾರೆ. ಎರಡು ವರ್ಷದ ನಂತರ ವಾಯಿದೆಯ ದಿನ ಅದನ್ನು ಬಿಚ್ಚಿ ಆನ್ ಮಾಡಿದರೆ, ಚಾರ್ಜಿಲ್ಲದೆ ಮಲಗಿದ್ದ ಬ್ಯಾಟರಿ ಊದಿಕೊಂಡು ಪರದೆಯನ್ನೇ ಮೇಲೆತ್ತಿರುತ್ತದೆ. ಗಾಬರಿ ಬೇಡ. ಸಾಧನ ಯಾವಾಗಲಾದರೂ ಕೆಟ್ಟು ಕೂತಿದ್ದಲ್ಲಿ ಅದರಿಂದ ದಾಖಲೆಯ ನಿಖರತೆಗೆ ಧಕ್ಕೆಯಾಗಿಲ್ಲ ಎಂಬ ಸಾಲನ್ನು ಭಾಗ 'ಎ'ಯಲ್ಲಿ ಮೊದಲೇ ಅಚ್ಚು ಹಾಕಿಸಿಟ್ಟಿದ್ದಾರೆ. ಅದರ ಕೆಳಗೆ ಸಹಿ ಹಾಕಿ, ಸಮಯ 24 ಗಂಟೆಯ ಲೆಕ್ಕದಲ್ಲಿರಲಿ.