5ಜಿ ದುಡ್ಡು ತಗೊಂಡು ಒಂದು ಫೋಟೋನೂ ಕಳಿಸೋಕೆ ಬಿಡಲ್ಲ ಅಂದ್ರೆ ಹೇಗೆ?

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಫೋನ್ ತೆಗೆದರೆ ಮೇಲೆ 5ಜಿ ಅಂತ ತೋರಿಸುತ್ತೆ. ಸಿಗ್ನಲ್ಲೂ ಫುಲ್. ಆದರೆ ಟೊಮೆಟೊ ಎಲೆಗೆ ಚುಕ್ಕೆ ಬಿದ್ದಿದೆ, ಯಾವ ಔಷಧಿ ಹೊಡೀಬೇಕು ಅಂತ ಅಂಗಡಿಯವರಿಗೆ ಒಂದು ಫೋಟೋ ಕಳಿಸೋಣ ಅಂದ್ರೆ ವಾಟ್ಸಾಪ್‌ನಲ್ಲಿ ಆ ಚಕ್ರ ಸುತ್ತುತ್ತಲೇ ಇರುತ್ತೆ. ಒಂದು ಟಿಕ್ ಕೂಡ ಬೀಳಲ್ಲ. ಸಾಲಿನಿಂದ ಬದುವಿಗೆ, ಬದುವಿನಿಂದ ಬೋರ್‌ವೆಲ್ ಶೆಡ್ ಹತ್ರ, ಫೋನ್ ಎತ್ತಿ ಹಿಡಿದುಕೊಂಡು ಓಡಾಡಿದೆ. ಕೊನೆಗೆ ಎಲೆ ಕಿತ್ತು ಕವರಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಪೆಟ್ರೋಲ್ ದುಡ್ಡು ಯಾರು ಕೊಡ್ತಾರೆ? ಬೆಳೆ ಸಮೀಕ್ಷೆ ಆ್ಯಪ್‌ಗೆ ಫೋಟೋ ಹಾಕುವಾಗಲೂ ಇದೇ ಗೋಳು. ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯ್ತು ಅನ್ನೋ ಮೆಸೇಜು, ಇಲ್ಲಿ ಹಣ್ಣು ಕಿತ್ತು ಮುಗಿದ ಮೇಲೆ ಬರುತ್ತೆ.

ಕಸ್ಟಮರ್ ಕೇರ್‌ನವರು "ಫೋನ್ ಆಫ್ ಮಾಡಿ ಆನ್ ಮಾಡಿ ಸರ್, ನಿಮ್ಮ ಏರಿಯಾದಲ್ಲಿ 5ಜಿ ಇದೆ" ಅಂತಾರೆ. ಎಲ್ಲಿದೆ ಸ್ವಾಮಿ? ಎಷ್ಟೋ ಕಡೆ 5ಜಿ ಇನ್ನೂ 4ಜಿಯನ್ನೇ ನೆಚ್ಚಿಕೊಂಡು ನಡೀತಿದೆ. ಅಲ್ಲೆಲ್ಲ 4ಜಿ ಟವರು "ಇಲ್ಲಿ 5ಜಿ ಸಿಗಬಹುದು" ಅಂತ ಸುದ್ದಿ ಕೊಟ್ಟರೆ ಸಾಕು, ಹಲವು ಫೋನ್‌ಗಳು 5ಜಿ ಅಂತ ತೋರಿಸಿಬಿಡುತ್ತವೆ. ಡೇಟಾ ಹೋಗ್ತಿರೋದು ಮಾತ್ರ 4ಜಿಯಲ್ಲೇ! ಒಳ್ಳೆ ಸ್ಪೀಡು ಕೊಡುವ 3.5 ಗಿಗಾಹರ್ಟ್ಸ್ ಅಲೆ ಜಾಸ್ತಿ ದೂರ ಹೋಗಲ್ಲ, ಗೋಡೆ ಮರ ಅಡ್ಡ ಬಂದ್ರೆ ಸೊರಗುತ್ತೆ. ಟವರಿಂದ ಫೋನಿಗೆ ಬರೋದು ಹೇಗೋ ಬರುತ್ತೆ. ಆದರೆ ಫೋನಿನ ಶಕ್ತಿ ಸಾಮಾನ್ಯವಾಗಿ ಒಂದು ವಾಟ್‌ನ ಐದನೇ ಒಂದು ಭಾಗ ಅಷ್ಟೇ. ನಾವು ಕಳಿಸಿದ್ದು ಟವರಿಗೆ ಮುಟ್ಟಬೇಕಲ್ವಾ? ಅದಕ್ಕೇ ಟವರುಗಳು ಹತ್ತಿರ ಹತ್ತಿರ ಬೇಕು ಅನ್ನೋದು. ಟವರಿಗೆ ಮುಟ್ಟಿದ ಡೇಟಾ ಮುಂದಕ್ಕೆ ಹೋಗೋಕೆ ನಮ್ಮೂರ ಟವರಿಗೆ ಫೈಬರ್ ಕೇಬಲ್ ಕೂಡ ಎಳೆದಿಲ್ಲ. ಕೇಬಲ್ ಇಲ್ಲದೆ ಗಾಳಿಯಲ್ಲೇ ಡೇಟಾ ಕಳಿಸೋ ಗುಂಡಗಿನ ಮೈಕ್ರೋವೇವ್ ಡಿಶ್ ಒಂದನ್ನು ಕಟ್ಟಿ ಹೋಗಿದ್ದಾರೆ, ಇಡೀ ಊರಿನ ಡೇಟಾ ಅದರಲ್ಲೇ ಹೋಗಬೇಕು. ಸಂಜೆ ಎಲ್ಲರೂ ಫೋನ್ ಹಿಡಿದರೆ ಮುಗೀತು ಕಥೆ.

ದುಡ್ಡು ಕೀಳೋಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. 2022ರ ಅಕ್ಟೋಬರ್ 1ಕ್ಕೆ ದೇಶದಲ್ಲಿ 5ಜಿ ಶುರುವಾಯ್ತು, 2024ರ ಜುಲೈನಲ್ಲಿ ದೊಡ್ಡ ಖಾಸಗಿ ಕಂಪನಿಗಳು ರೇಟು ಏರಿಸಿದವು. ಅನ್‌ಲಿಮಿಟೆಡ್ 5ಜಿ ಬೇಕಂದ್ರೆ ದಿನಕ್ಕೆ 2 ಜಿಬಿಯ ದೊಡ್ಡ ಪ್ಯಾಕೇ ಹಾಕಿಸಬೇಕು ಅಂದರು. ಹಾಕಿಸಿದೆ. ಇಲ್ಲಿ ಫೋನ್ ಓಡೋದೇ 4ಜಿಯಲ್ಲಿ, ಹಾಗಾಗಿ ಖರ್ಚಾಗೋದೂ ಆ 2 ಜಿಬಿಯೇ. ಅನ್‌ಲಿಮಿಟೆಡ್ ಅನ್ನೋದು ಬೆಂಗಳೂರಿಗೆ ಹೋದಾಗ ಮಾತ್ರ. ಅಲ್ಲಿನವರು ಕೊಡುವಷ್ಟೇ ದುಡ್ಡು ನಾವೂ ಕೊಡ್ತಿದ್ದೀವಿ, ಒಂದು ರೂಪಾಯಿ ಕಡಿಮೆ ಇಲ್ಲ. ನಮ್ಮ ದುಡ್ಡಿಗೆ ಬೆಲೆ ಇಲ್ವಾ?

ಮಾವಿನ ಸೀಸನ್ ಶುರುವಾಗೋ ಮುಂಚೆ ಆ ಟವರಿಗೆ ಫೈಬರ್ ಎಳೀರಿ. ಆಗಲ್ಲ ಅಂದ್ರೆ ನಮ್ಮ ಹತ್ರ 5ಜಿ ರೇಟು ಕೇಳಬೇಡಿ.